ಬೈಕ್, ಚಿಗರಿ, ರೈಲು, ಎಲೆಕ್ಟ್ರಿಕ್ ಸ್ಕೂಟರ್: ಹುಬ್ಬಳ್ಳಿ–ಧಾರವಾಡದ ಮನೆಗಳಿಗೆ ಯಾವುದು ಹೊಂದುತ್ತೆ?

ಪೆಟ್ರೋಲ್ ರೇಟು ಏರಿತು ಅಂದ ಕೂಡಲೇ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಚರ್ಚೆ. ಬೈಕ್ ಮನೆಯಲ್ಲಿಟ್ಟು ಚಿಗರಿ, ಅಂದರೆ ಎರಡೂ ಊರಿನ ನಡುವೆ ಓಡುವ ಎಸಿ ಬಸ್ಸು, ಹಿಡಿಯೋದಾ? ಇದ್ದ ಸ್ಕೂಟರ್ ಮಾರಿ ಎಲೆಕ್ಟ್ರಿಕ್ ತಗೊಳ್ಳೋದಾ? ಒಂದೇ ಆಫೀಸಿಗೆ ಹೋಗುವ ನಾಲ್ವರು ಸೇರಿ ಒಂದು ಕಾರಿನಲ್ಲಿ ಹೋಗೋದಾ? ಗದಗದಿಂದ ದಿನಾ ಹುಬ್ಬಳ್ಳಿಗೆ ಬರುವವರು, ಹಾವೇರಿ ಕಡೆಯವರು ಕೇಳೋದು ಬೇರೆ ಥರ, ಆದರೆ ಚಿಂತೆ ಅದೇ. ಪಗಾರ ಇದ್ದಷ್ಟೇ ಇದೆ, ಗಾಡಿಗೆ ಹಾಕುವ ದುಡ್ಡು ಮಾತ್ರ ಜಾಸ್ತಿ ಆಗುತ್ತಿದೆ.

ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದರೆ ಕಾಗದ, ಪೆನ್ನು ಹಿಡಿದು ಕೂತರೆ ನಿಮ್ಮ ಮನೆಯ ಉತ್ತರ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಅದಕ್ಕೆ ಬೇಕಾದ ಲೆಕ್ಕವನ್ನೆಲ್ಲ ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಮೊದಲು ಏನು ನೋಡಬೇಕು

"ಮೈಲೇಜ್ ಎಷ್ಟು ಕೊಡುತ್ತೆ" ಅನ್ನುವಲ್ಲಿಂದ ಶುರು ಮಾಡಬೇಡಿ. ಮನೆಯಲ್ಲಿ ಯಾರು, ಎಲ್ಲಿಗೆ, ಎಷ್ಟು ದೂರ, ವಾರಕ್ಕೆ ಎಷ್ಟು ದಿನ ಹೋಗುತ್ತಾರೆ ಅನ್ನೋದನ್ನು ಮೊದಲು ಬರೆದುಕೊಳ್ಳಿ. ಹಾಲು, ಸಂತೆ, ಮಕ್ಕಳ ಶಾಲೆ, ಆಫೀಸು, ಭಾನುವಾರ ಊರಿಗೆ ಹೋಗೋದು, ಎಲ್ಲ ಬರಲಿ. ಬರೆದ ಮೇಲೆ ಹೆಚ್ಚಿನ ಮನೆಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಸಣ್ಣ ಓಡಾಟ ಹತ್ತಾರು ಇರುತ್ತವೆ. ಆದರೆ ಪೆಟ್ರೋಲ್ ದುಡ್ಡಿನ ಬಹುಪಾಲು ನುಂಗೋದು ಒಂದೇ ಒಂದು ಉದ್ದನೆಯ ಓಡಾಟ. ಆ ಒಂದನ್ನು ಬದಲಾಯಿಸಿದರೆ ಸಾಕು, ಮಿಕ್ಕಿದ್ದನ್ನು ಮುಟ್ಟಬೇಕಾಗಿಯೇ ಇಲ್ಲ.

ಆಮೇಲೆ ಪ್ರತಿಯೊಂದು ದಾರಿಗೂ ಈ ಪ್ರಶ್ನೆಗಳನ್ನು ಕೇಳಿ. ತಿಂಗಳಿಗೆ ಒಟ್ಟು ಎಷ್ಟು ಖರ್ಚು, ಅಂದರೆ ಪೆಟ್ರೋಲ್ ಮಾತ್ರ ಅಲ್ಲ, ಸರ್ವಿಸ್, ಟೈರ್, ಪಾರ್ಕಿಂಗ್, ಕೊನೆಗೆ ಹಿಡಿಯುವ ಆಟೋ ಎಲ್ಲ ಸೇರಿ? ಶುರುವಿನಲ್ಲೇ ಕೈಯಿಂದ ಎಷ್ಟು ಹಾಕಬೇಕು? ಮನೆ ಬಾಗಿಲಿಂದ ಕೆಲಸದ ಬಾಗಿಲಿಗೆ ಎಷ್ಟು ಹೊತ್ತು? ಒಬ್ಬರೇ ಹೋಗೋದಾ, ಇಬ್ಬರಾ? ಮಳೆಗಾಲದಲ್ಲಿ, ರಾತ್ರಿ ಪಾಳಿಯಲ್ಲಿ ಇದು ನಡೆಯುತ್ತಾ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಧಾರವಾಡದ ಜಿಟಿಜಿಟಿ ಮಳೆ ಶುರುವಾದ ಮೇಲೆ ನೆನಪಾದರೆ ಏನು ಪ್ರಯೋಜನ?

ಲೆಕ್ಕಕ್ಕೆ ನಾನು ಹಿಡಿದ ಅಂಕಿ ಹೀಗಿದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ. ತಿಂಗಳಿಗೆ 25 ದಿನ ಕೆಲಸ. ಹುಬ್ಬಳ್ಳಿ–ಧಾರವಾಡ ಹೋಗಿ ಬರಲು 44 ಕಿಲೋಮೀಟರ್, ಊರೊಳಗೆ ಇನ್ನೊಂದು 6. ದಿನಕ್ಕೆ 50 ಆಯಿತು, ತಿಂಗಳಿಗೆ 1,250 ಕಿಲೋಮೀಟರ್. ಪೆಟ್ರೋಲ್ ರೇಟು 2017ರ ಜೂನ್‌ನಿಂದ ದಿನಾ ಬದಲಾಗಬಹುದಾದ ಪದ್ಧತಿಗೆ ಬಂದಿದೆ. ಹಾಗಾಗಿ ನೀವು ಓದುವ ದಿನ ಬಂಕಿನ ಬೋರ್ಡಿನಲ್ಲಿ ಎಷ್ಟಿದೆಯೋ ಅದನ್ನು 103ರ ಜಾಗದಲ್ಲಿ ಹಾಕಿಕೊಳ್ಳಿ. ಟಿಕೆಟ್ ದರಕ್ಕೂ, ಕರೆಂಟ್ ದರಕ್ಕೂ ಇದೇ ಮಾತು.

ಇದ್ದ ಗಾಡಿಯನ್ನೇ ಓಡಿಸಿದರೆ

ಲೀಟರಿಗೆ 45 ಕೊಡುವ ಸ್ಕೂಟರ್‌ಗೆ 1,250 ಕಿಲೋಮೀಟರ್‌ಗೆ ಸುಮಾರು 28 ಲೀಟರ್ ಬೇಕು. ದುಡ್ಡು 2,860 ರೂಪಾಯಿ. ಲೀಟರಿಗೆ 60 ಕೊಡುವ 100 ಸಿಸಿ ಬೈಕ್ ಆದರೆ 2,150. ಲೀಟರಿಗೆ 15 ಕೊಡುವ ಕಾರನ್ನು ಒಬ್ಬರೇ ಓಡಿಸಿದರೆ 8,580.

ಈಗ ರೇಟು 5 ರೂಪಾಯಿ ಏರಿತು ಅಂದುಕೊಳ್ಳಿ. ಸ್ಕೂಟರಿನವರಿಗೆ ತಿಂಗಳಿಗೆ ಜಾಸ್ತಿ ಆಗೋದು ಸುಮಾರು 140 ರೂಪಾಯಿ. ಬೈಕಿನವರಿಗೆ 105. ಕಾರಿನವರಿಗೆ 415. ಈ ಅಂಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರೇಟು ಏರಿದ ಸಿಟ್ಟಿನಲ್ಲಿ ಲಕ್ಷ ರೂಪಾಯಿಯ ಹೊಸ ಗಾಡಿ ತರುವ ಮಾತಾಡುತ್ತೇವೆ. ಆದರೆ ಏರಿಕೆಯ ಭಾರ ಸ್ಕೂಟರಿನವರಿಗೆ 140 ರೂಪಾಯಿ ಮಾತ್ರ. ನಿಜವಾದ ಭಾರ ಮೊದಲಿನಿಂದಲೂ ಇದ್ದ ಆ 2,860. ಅದನ್ನು ಇಳಿಸಬೇಕೆಂದಿದ್ದರೆ ರೇಟು ಏರಲಿ, ಇಳಿಯಲಿ, ಆಲೋಚನೆ ಮಾಡಿ. ಬರೀ ಏರಿಕೆಯ ಭಯಕ್ಕೆ ಗಾಡಿ ಬದಲಿಸಬೇಡಿ.

ಗಾಡಿಯ ಮೈಲೇಜ್ ಎಷ್ಟು ಅಂತ ಕಂಪನಿ ಹೇಳಿದ್ದನ್ನು ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಫೋಟೋ ತೆಗೆದುಕೊಳ್ಳಿ. ಒಂದು ವಾರ ಎಂದಿನಂತೆ ಓಡಿಸಿ. ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಕಡಿಮೆ ಬಂದರೆ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ನೋಡಿಸಿ. ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಗಂಟೆಗೆ 70ರಲ್ಲಿ ಹೋಗುವವರು 50ಕ್ಕೆ ಇಳಿದರೆ ಒಂದು ಲೀಟರ್ ಎಷ್ಟು ದೂರ ಬರುತ್ತೆ ಅಂತ ಅವರಿಗೇ ಗೊತ್ತಾಗುತ್ತದೆ. ಇದಕ್ಕೆ ಒಂದು ಪೈಸೆ ಬಂಡವಾಳ ಬೇಡ.

ಆದರೆ ಸ್ವಂತ ಗಾಡಿಯ ಖರ್ಚು ಪೆಟ್ರೋಲಿಗೆ ಮುಗಿಯೋದಿಲ್ಲ. ಆಯಿಲ್, ಟೈರ್, ಬೆಲ್ಟ್, ಬ್ರೇಕ್ ಶೂ ಎಲ್ಲ ಸೇರಿ ಕಿಲೋಮೀಟರಿಗೆ 60 ಪೈಸೆ ಹಿಡಿದರೂ ತಿಂಗಳಿಗೆ 750 ರೂಪಾಯಿ. ದಿನಾ 50 ಕಿಲೋಮೀಟರ್ ಓಡುವ ಗಾಡಿಗೆ ಇದು ಹೆಚ್ಚೇನಲ್ಲ. ಈ ದುಡ್ಡು ಒಟ್ಟಿಗೆ ಬರುತ್ತದೆ, ಅದಕ್ಕೇ ತಿಂಗಳ ಲೆಕ್ಕದಲ್ಲಿ ಯಾರೂ ಹಿಡಿಯೋದಿಲ್ಲ.

ಚಿಗರಿ

2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಚಿಗರಿಗೆ 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ಸುಮಾರು 22 ಕಿಲೋಮೀಟರ್ ಮಾರ್ಗ. ರಸ್ತೆ ನಡುವೆ ಅದಕ್ಕೇ ಬಿಟ್ಟ ದಾರಿ, ಎಸಿ ಬಸ್, ಹತ್ತುವ ಮುಂಚೆ ನಿಲ್ದಾಣದಲ್ಲೇ ಟಿಕೆಟ್. 100ರ ಸರಣಿಯ ಬಸ್ಸು ಕೆಲವೇ ಕಡೆ ನಿಲ್ಲುತ್ತದೆ, 200ರ ಸರಣಿಯದು ಎಲ್ಲ ನಿಲ್ದಾಣಕ್ಕೂ ನಿಲ್ಲುತ್ತದೆ. ಉಣಕಲ್, ನವನಗರ, ರಾಯಾಪುರ, ಸತ್ತೂರು, ನವಲೂರು ಕಡೆ ಇಳಿಯುವವರಿಗೆ 200 ಬೇಕು. ಈ ತುದಿಯಿಂದ ಆ ತುದಿಗೆ ಹೋಗುವವರು 100ಕ್ಕೇ ಕಾಯೋದು ಒಳ್ಳೇದು.

ಟಿಕೆಟ್ ಒಂದು ಕಡೆಗೆ 40 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ 80, ತಿಂಗಳಿಗೆ 2,000. ಈಗ ಮೇಲಿನ ಅಂಕಿ ಪಕ್ಕದಲ್ಲಿಟ್ಟು ನೋಡಿ. 60 ಮೈಲೇಜಿನ ಬೈಕಿನ ಪೆಟ್ರೋಲ್ ಖರ್ಚು 2,150. ಎರಡೂ ಹತ್ತಿರ ಹತ್ತಿರ ಬಂತು! "ಬಸ್ ಅಂದ್ರೆ ಅಗ್ಗ" ಅಂತ ಸುಮ್ನೆ ಹೇಳೋದಕ್ಕೆ ಆಗೋದಿಲ್ಲ. ಬೈಕಿನ ಸವಕಳಿ 750 ಸೇರಿಸಿದಾಗ ಮಾತ್ರ ಬಸ್ಸು ಮುಂದೆ ಬರುತ್ತದೆ. ಪಾಸ್ ಮಾಡಿಸಿಕೊಂಡರೆ ಇನ್ನೊಂದಿಷ್ಟು ಇಳಿಯುತ್ತದೆ.

ಎಲ್ಲ ನಿಂತಿರೋದು ಎರಡು ತುದಿಯ ಮೇಲೆ. ನಿಮ್ಮ ಮನೆ ವಿದ್ಯಾನಗರದಲ್ಲಿದ್ದು ಕೆಲಸ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಿದ್ದರೆ ಚಿಗರಿ ನಿಮಗಾಗಿಯೇ ಮಾಡಿದ ಹಾಗಿದೆ. ಎರಡೂ ಕಡೆ ನಡೆದು ಹೋಗಬಹುದು. ಆದರೆ ಮನೆ ಗೋಕುಲ ರಸ್ತೆಯ ಒಳಗೆ, ಕೆಲಸ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಂದರೆ ಈ ಕಡೆ ಒಂದು ಗಾಡಿ, ಆ ಕಡೆ ಒಂದು ಗಾಡಿ ಹಿಡಿಯಬೇಕು. ದಿನಕ್ಕೆ ಒಂದು ಆಟೋ ಸವಾರಿಗೆ 50 ರೂಪಾಯಿ ಕೊಟ್ಟರೂ ತಿಂಗಳಿಗೆ 1,250 ಸೇರಿತು. ಆಗ ಬಸ್ಸಿನ ಖರ್ಚು 3,250 ಆಗಿ ಸ್ಕೂಟರಿನ ಪೆಟ್ರೋಲನ್ನೂ ಮೀರುತ್ತದೆ. ಧಾರವಾಡದ ಆಚೆ ಇರುವ ಬೇಲೂರಿನ ಹೈಕೋರ್ಟ್ ಪೀಠ, ಚಿಕ್ಕಮಲ್ಲಿಗವಾಡದ ಐಐಟಿ ಕಡೆ ಹೋಗುವವರಿಗೂ ಇದೇ ತೊಂದರೆ. ಅಂಥವರು ಆಟೋ ಬದಲು ಧಾರವಾಡದಿಂದ ಮುಂದಕ್ಕೆ ಹೋಗುವ ಸಾರಿಗೆ ಬಸ್ಸಿನ ಹೊತ್ತು ನೋಡಿಕೊಂಡರೆ ಮಾತ್ರ ಚಿಗರಿ ಗಿಟ್ಟುತ್ತದೆ. ಇನ್ನೊಂದು ದಾರಿ ಇದೆ. ಹಳೇ ಸ್ಕೂಟರನ್ನು ಮನೆಯಿಂದ ಚಿಗರಿ ನಿಲ್ದಾಣದ ತನಕ ಮಾತ್ರ ಬಳಸೋದು. ಅಲ್ಲಿ ಗಾಡಿ ನಿಲ್ಲಿಸಲು ಭದ್ರವಾದ ಜಾಗ ಇದೆಯಾ, ಎಷ್ಟು ಕೊಡಬೇಕು ಅಂತ ಮೊದಲೇ ವಿಚಾರಿಸಿ.

ಇಬ್ಬರು ಒಟ್ಟಿಗೆ ಹೋಗುವ ಮನೆಗೆ ಲೆಕ್ಕ ತಿರುಗಿಬಿಡುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಧಾರವಾಡದಲ್ಲೇ ಕೆಲಸ ಇದ್ದರೆ ಎರಡು ಟಿಕೆಟ್‌ಗೆ 4,000. ಒಂದೇ ಬೈಕಿನಲ್ಲಿ ಹೋದರೆ ಸವಕಳಿ ಸೇರಿ 2,900. ದುಡ್ಡಿನ ಲೆಕ್ಕದಲ್ಲಿ ಬೈಕೇ ಗೆಲ್ಲುತ್ತದೆ.

ಆದರೂ ದುಡ್ಡು ಒಂದೇ ಅಲ್ಲ. ಪಿ.ಬಿ. ರಸ್ತೆಯಲ್ಲಿ ದಿನಾ ಎರಡು ಸಲ, ಮಳೆಯಲ್ಲಿ, ಲಾರಿಗಳ ನಡುವೆ ಬೈಕ್ ಓಡಿಸೋದು ಸಣ್ಣ ಮಾತಲ್ಲ. ಚಿಗರಿಯಲ್ಲಿ ಮುಂಜಾನೆ ಒಂಬತ್ತರ ಹೊತ್ತಿಗೆ ನಿಂತೇ ಹೋಗಬೇಕಾಗಬಹುದು, ಊರೊಳಗೆ ಬೇರೆ ಗಾಡಿಗಳ ಜೊತೆ ಸಿಕ್ಕಿಕೊಂಡು ನಿಧಾನವೂ ಆಗುತ್ತದೆ. ಆದರೆ ಮೈ ನೆನೆಯದೆ, ಸೊಂಟ ನೋಯದೆ ಮನೆ ಸೇರುತ್ತೀರಿ. ಐವತ್ತು ದಾಟಿದವರಿಗೆ ನಾನು ಲೆಕ್ಕ ಬದಿಗಿಟ್ಟು ಚಿಗರಿಯನ್ನೇ ಹೇಳುತ್ತೇನೆ.

ರೈಲು: ಎಲ್ಲರೂ ಮರೆಯುವ ದಾರಿ

ಇಷ್ಟರಲ್ಲೂ ಅತಿ ಅಗ್ಗ ರೈಲು. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿ, ಹುಬ್ಬಳ್ಳಿ–ಧಾರವಾಡಕ್ಕೆ ಅಷ್ಟೇ ಸಾಕು. ದಿನಾ ಟಿಕೆಟ್ ತೆಗೆದರೂ ತಿಂಗಳಿಗೆ 500. ತಿಂಗಳ ಸೀಸನ್ ಟಿಕೆಟ್ ಮಾಡಿಸಿದರೆ ಅದಕ್ಕಿಂತಲೂ ಕಡಿಮೆ. ನಡುವೆ ಉಣಕಲ್, ಅಮರಗೋಳ, ನವಲೂರು ನಿಲ್ದಾಣ ಇವೆ. ಸೀಸನ್ ಟಿಕೆಟ್ ಯಾವ ಯಾವ ಗಾಡಿಗೆ ನಡೆಯುತ್ತದೆ ಅನ್ನೋದನ್ನು ಕೌಂಟರ್‌ನಲ್ಲೇ ಕೇಳಿಕೊಳ್ಳಿ. ಪ್ಯಾಸೆಂಜರ್ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಬೀಳುತ್ತದೆ.

ತೊಡಕು ಏನಂದರೆ ರೈಲಿನ ಹೊತ್ತಿಗೆ ನೀವು ಹೊಂದಿಕೊಳ್ಳಬೇಕು, ನಿಮ್ಮ ಹೊತ್ತಿಗೆ ರೈಲು ಹೊಂದಿಕೊಳ್ಳೋದಿಲ್ಲ. ಚಿಗರಿ ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ರೈಲು ತಪ್ಪಿದರೆ ದಿನದ ಹಾಜರಿಯೇ ಹೋಗಬಹುದು. ಅದಕ್ಕೇ ಹುಬ್ಬಳ್ಳಿ–ಧಾರವಾಡದ ನಡುವೆ ಇದು ಎಲ್ಲರಿಗೂ ಆಗಿಬರೋದಿಲ್ಲ. ಕಾಲೇಜು ಹುಡುಗರಿಗೆ, ಗೊತ್ತಾದ ಹೊತ್ತಿನ ಪಾಳಿ ಇದ್ದವರಿಗೆ ಚೆನ್ನಾಗಿದೆ.

ಗದಗದವರಿಗೆ ಮಾತ್ರ ನಾನು ಎರಡನೇ ಮಾತಿಲ್ಲದೆ ರೈಲು ಅನ್ನುತ್ತೇನೆ. ಗದಗ–ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ದಿನಾ ಬೈಕಿನಲ್ಲಿ ಹೋಗಿ ಬಂದರೆ 120 ಕಿಲೋಮೀಟರ್, 60 ಮೈಲೇಜಿನ ಬೈಕಿಗೂ ತಿಂಗಳಿಗೆ 5,150 ರೂಪಾಯಿ ಪೆಟ್ರೋಲ್. ಅದರ ಜೊತೆ ದೇಹದ ದಣಿವು. ಅಣ್ಣಿಗೇರಿ, ಹುಲಕೋಟಿ ಕಡೆಯವರಿಗೂ ಇದೇ ಸಾಲು ಸಿಗುತ್ತದೆ. ಹಾವೇರಿ ಕಡೆಯಿಂದ ಬರುವವರಿಗೆ ಯಲವಿಗಿ, ಗುಡಗೇರಿ, ಕುಂದಗೋಳದ ಮೇಲೆ ಬರುವ ಸಾಲು ಇದೆ. ಊರಿನಿಂದ ಸ್ಟೇಷನ್ನಿಗೆ ಟಂಟಂ ಹಿಡಿಯಬೇಕಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಸಾಮಾನ್ಯ ಮತ್ತು ವೇಗದೂತ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಇಲ್ಲ, ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯ ಆಗೋದಿಲ್ಲ. ಕಲಘಟಗಿ, ನವಲಗುಂದ, ಕುಂದಗೋಳ, ಶಿಗ್ಗಾವಿ ಕಡೆ ಶಾಲೆಗೆ, ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ಟೀಚರು, ನರ್ಸುಗಳ ಮನೆಯಲ್ಲಿ ಇದು ತಿಂಗಳಿಗೆ ಎರಡು ಮೂರು ಸಾವಿರ ಉಳಿಸುತ್ತದೆ. ಮನೆಯ ಉದ್ದನೆಯ ಓಡಾಟ ಹೆಂಡತಿಯದಾಗಿದ್ದು, ಆಕೆ ಇಂಥ ಬಸ್ಸಿನ ದಾರಿಯಲ್ಲಿದ್ದರೆ, ಬೇರೆ ಯಾವ ಲೆಕ್ಕವೂ ಬೇಡ.

ಎಲೆಕ್ಟ್ರಿಕ್ ಸ್ಕೂಟರ್: ಮೂರು ಸಲ ಲೆಕ್ಕ ಹಾಕಿ

ಓಡಿಸುವ ಖರ್ಚು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು 28 ಕಿಲೋಮೀಟರ್ ಹಿಡಿದರೆ 1,250 ಕಿಲೋಮೀಟರಿಗೆ 45 ಯೂನಿಟ್. ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂದರೂ 315 ರೂಪಾಯಿ ಆಯಿತು. ಪೆಟ್ರೋಲ್ ಸ್ಕೂಟರಿನ 2,860ರ ಎದುರು 315! ತಿಂಗಳಿಗೆ 2,500ಕ್ಕೂ ಮೇಲೆ ಉಳಿತಾಯ. ಆಯಿಲ್ ಬದಲಿಸುವ ಗೋಜೂ ಇಲ್ಲ.

ಮೊದಲ ಲೆಕ್ಕ ಗಾಡಿಯ ಬೆಲೆಯದು. ಆನ್ ರೋಡ್ 1,20,000 ಎಂದು ಹಿಡಿಯೋಣ. ನಿಮ್ಮ ಹಳೇ ಸ್ಕೂಟರ್ ಇನ್ನೂ ಚೆನ್ನಾಗಿ ಓಡುತ್ತಿದ್ದರೆ ಆ ದುಡ್ಡು ವಾಪಸ್ ಬರಲು ನಾಲ್ಕು ವರ್ಷ ಬೇಕು. ಹಳೇ ಗಾಡಿ ಮುಗಿದೇ ಹೋಗಿದೆ, ಹೊಸದು ಹೇಗೂ ತರಲೇಬೇಕು ಅನ್ನುವವರ ಲೆಕ್ಕ ಬೇರೆ. ಅವರು ನೋಡಬೇಕಾದ್ದು ಪೆಟ್ರೋಲ್ ಸ್ಕೂಟರಿಗೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ. ಅದು 25–30 ಸಾವಿರ ಇದ್ದರೆ ಒಂದು ವರ್ಷದಲ್ಲಿ ತೀರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಎಲೆಕ್ಟ್ರಿಕ್‌ಗೆ ಶೇ 5 ಇದೆ. ಹಾಗಾಗಿ ಹಳೇ ರೇಟು ತಲೆಯಲ್ಲಿಟ್ಟುಕೊಳ್ಳದೆ ಎರಡೂ ಶೋರೂಮಿನಿಂದ ಹೊಸ ಕೊಟೇಶನ್ ತನ್ನಿ. ಸಾಲ ಮಾಡುವವರು ಇನ್ನೂ ಹುಷಾರು. 1 ಲಕ್ಷಕ್ಕೆ ಶೇ 11ರ ಬಡ್ಡಿ, 3 ವರ್ಷ ಅಂದರೆ ಕಂತು ಸುಮಾರು 3,270. ಉಳಿಯೋದು 2,500. ಅಂದರೆ ಮೂರು ವರ್ಷ ಕಿಸೆಯಿಂದ ಹೆಚ್ಚೇ ಹೋಗುತ್ತದೆ, ಲಾಭ ಆಮೇಲೆ.

ದಿನಕ್ಕೆ 15 ಕಿಲೋಮೀಟರ್ ಮಾತ್ರ ಓಡಾಡುವವರಿಗೆ ಉಳಿಯೋದು ತಿಂಗಳಿಗೆ ಸುಮಾರು 760. ಅಷ್ಟಕ್ಕೆ ಚೆನ್ನಾಗಿರುವ ಗಾಡಿ ಮಾರಬೇಡಿ.

ಎರಡನೇ ಲೆಕ್ಕ ಗೃಹಜ್ಯೋತಿಯದು. ಇದನ್ನು ಶೋರೂಮಿನಲ್ಲಿ ಯಾರೂ ಹೇಳೋದಿಲ್ಲ. 2023ರ ಜುಲೈಯಿಂದ 200 ಯೂನಿಟ್ ತನಕ ಉಚಿತ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಗೂ ಅದರದೇ ಮಿತಿ ಇದೆ. 2022–23ರ ಸರಾಸರಿ ಬಳಕೆಯ ಮೇಲೆ ಮೊದಲು ಶೇ 10 ಸೇರಿಸುತ್ತಿದ್ದರು, 2024ರಲ್ಲಿ ಅದನ್ನು 10 ಯೂನಿಟ್‌ಗೆ ಬದಲಿಸಿದರು. ಮಿತಿ ದಾಟಿ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಒಂದು ಮನೆಯ ಮಿತಿ 100 ಯೂನಿಟ್, ಬಳಕೆ 95 ಇದೆ ಅನ್ನಿ. ಸ್ಕೂಟರಿನ 45 ಸೇರಿ 140 ಆಯಿತು. 40 ಯೂನಿಟ್‌ಗೆ ದುಡ್ಡು ಕಟ್ಟಿದರೆ ಮುಗಿಯಿತು. ಇನ್ನೊಂದು ಮನೆಯ ಮಿತಿ 175, ಬಳಕೆ 165. ಅದಕ್ಕೆ 45 ಸೇರಿದರೆ 210. ಈಗ ಇಡೀ 210 ಯೂನಿಟ್‌ಗೆ ಬಿಲ್, ಹತ್ತಿರ ಹತ್ತಿರ 1,470 ರೂಪಾಯಿ. ಆ ಮನೆಗೆ ಸ್ಕೂಟರ್ ಓಡಿಸುವ ನಿಜವಾದ ಖರ್ಚು 315 ಅಲ್ಲ, 1,470. ಆಗಲೂ ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಉಳಿತಾಯ ಅರ್ಧದಷ್ಟು ಕರಗಿತು. ಹೆಸ್ಕಾಂ ಬಿಲ್ ತೆಗೆದು ಕಳೆದ ಒಂದು ವರ್ಷದ ಯೂನಿಟ್ ನೋಡಿ. ಮುಖ್ಯವಾಗಿ ಮಾರ್ಚ್, ಏಪ್ರಿಲ್, ಮೇ ತಿಂಗಳದ್ದು. ಫ್ಯಾನು, ಕೂಲರ್ ಓಡುವ ಆ ಮೂರು ತಿಂಗಳು 150ರ ಒಳಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ.

ಮೂರನೇ ಲೆಕ್ಕ ಚಾರ್ಜ್ ಮಾಡುವ ಜಾಗದ್ದು. ಸ್ವಂತ ಮನೆ, ಅಂಗಳದಲ್ಲಿ ಪ್ಲಗ್ ಇದ್ದರೆ ಚಿಂತೆ ಇಲ್ಲ. ಬಾಡಿಗೆ ಮನೆಯಲ್ಲಿ, ಅದೂ ಎರಡು ಮೂರು ಮನೆಗೆ ಒಂದೇ ಮೀಟರ್ ಇರುವ ಕಡೆ, ಮಾಲೀಕರ ಹತ್ತಿರ ಮೊದಲೇ ಮಾತಾಡಿ. ಎರಡನೇ ಮಹಡಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡೋದು ಮಳೆಗಾಲದಲ್ಲಿ ಅಪಾಯ. ಅಂಥವರು ಬ್ಯಾಟರಿ ಬಿಚ್ಚಿ ಒಳಗೆ ಒಯ್ಯಬಹುದಾದ ಗಾಡಿಯನ್ನೇ ನೋಡಬೇಕು. ಬ್ಯಾಟರಿ ವಾರಂಟಿ 3 ವರ್ಷದ್ದಾ, 8 ವರ್ಷದ್ದಾ, ಎಷ್ಟು ಕಿಲೋಮೀಟರಿನದು, ಕೆಟ್ಟರೆ ಹೊಸ ಬ್ಯಾಟರಿ ಬೆಲೆ ಎಷ್ಟು, ಇವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಸರ್ವಿಸ್ ಸೆಂಟರ್ ಹುಬ್ಬಳ್ಳಿ ಅಥವಾ ಧಾರವಾಡದಲ್ಲೇ ಇರಬೇಕು. ಗದಗ, ಹಾವೇರಿಯವರು ಇದನ್ನು ಎರಡು ಸಲ ವಿಚಾರಿಸಿ. ಗಾಡಿ ಕೆಟ್ಟಾಗ 60–70 ಕಿಲೋಮೀಟರ್ ಟೆಂಪೋದಲ್ಲಿ ಹಾಕಿಕೊಂಡು ಬರಬೇಕಾದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಸ್ವಂತ ಮಾಳಿಗೆ ಇದ್ದು, ಕರೆಂಟ್ ಬಳಕೆ ಈಗಾಗಲೇ 200 ದಾಟಿರುವ ಮನೆಯವರು ಸೋಲಾರ್ ಜೊತೆಗೆ ಇದನ್ನು ಯೋಚಿಸಬಹುದು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000, 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಬರದ ಮನೆಗೆ ಮಾತ್ರ ಇದರಿಂದ ಹೆಚ್ಚು ಲಾಭ ಕಾಣೋದಿಲ್ಲ.

ಸಿಎನ್‌ಜಿ ಮತ್ತು ಹಂಚಿಕೊಂಡ ಕಾರು

ದಿನಾ ಕಾರು ಬೇಕೇ ಬೇಕು ಅನ್ನುವವರಿಗೆ ಸಿಎನ್‌ಜಿ ಒಳ್ಳೆಯ ದಾರಿ. ಕೆಜಿಗೆ 90 ರೂಪಾಯಿ, ಕೆಜಿಗೆ 22 ಕಿಲೋಮೀಟರ್ ಹಿಡಿದರೆ 1,250 ಕಿಲೋಮೀಟರಿಗೆ ಸುಮಾರು 5,100. ಪೆಟ್ರೋಲ್ ಕಾರಿಗಿಂತ ತಿಂಗಳಿಗೆ 3,470ರಷ್ಟು ಕಡಿಮೆ. ಕಂಪನಿಯ ಸಿಎನ್‌ಜಿ ಕಾರಿಗೆ 90 ಸಾವಿರ ಜಾಸ್ತಿ ಕೊಟ್ಟರೂ ಎರಡು ಎರಡೂವರೆ ವರ್ಷದಲ್ಲಿ ಬಂತು. ಡಿಕ್ಕಿಯ ಜಾಗ ಹೋಗುತ್ತದೆ, ಬಂಕಿನಲ್ಲಿ ಆಟೋಗಳ ಹಿಂದೆ ಸರದಿ ನಿಲ್ಲಬೇಕು. ತಿಂಗಳಿಗೆ 400 ಕಿಲೋಮೀಟರ್ ಓಡುವ ಕಾರಿಗೆ ಇದು ಬೇಡ.

2024ರ ಜುಲೈಯಲ್ಲಿ ಬಂದ ಬಜಾಜ್ ಫ್ರೀಡಂ 125ರಲ್ಲಿ 2 ಕೆಜಿ ಸಿಎನ್‌ಜಿ, 2 ಲೀಟರ್ ಪೆಟ್ರೋಲ್ ಎರಡೂ ಹಿಡಿಯುತ್ತದೆ. ಕೆಜಿಗೆ 85 ಕಿಲೋಮೀಟರ್ ಹಿಡಿದರೆ ತಿಂಗಳಿಗೆ 1,320 ರೂಪಾಯಿ. ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲದ, ಆದರೆ ಬಹಳ ಓಡಾಡುವವರು ನೋಡಬಹುದು. ಬಂಕ್ ನಿಮ್ಮ ದಾರಿಯಲ್ಲೇ ಇರಬೇಕು, ಅಷ್ಟೇ.

ಕಾರು ಹಂಚಿಕೊಳ್ಳೋದು ನನಗೆ ಬಹಳ ಇಷ್ಟವಾದ ದಾರಿ. 8,580ನ್ನು ನಾಲ್ವರಿಗೆ ಹಂಚಿದರೆ ತಲಾ 2,145. ಬೈಕಿನ ಖರ್ಚಿನಲ್ಲಿ ಕಾರಿನ ಸುಖ. ನಾಲ್ಕು ಕಾರು ಇದ್ದರೆ ವಾರಕ್ಕೊಬ್ಬರ ಕಾರು, ದುಡ್ಡಿನ ಮಾತೇ ಬರೋದಿಲ್ಲ. ಒಬ್ಬರದೇ ಕಾರು ಆದರೆ ಪೆಟ್ರೋಲ್ ಹಂಚಿಕೊಂಡು, ಸರ್ವಿಸ್‌ಗೆ ಅಂತ ತಿಂಗಳಿಗೆ ಒಂದಿಷ್ಟು ಕೊಡಿ. ಬಿಳಿ ನಂಬರ್ ಪ್ಲೇಟಿನ ಗಾಡಿಯಲ್ಲಿ ಗುರುತಿಲ್ಲದವರನ್ನು ಬಾಡಿಗೆಗೆ ಕೂರಿಸಬೇಡಿ, ಅದಕ್ಕೆ ಕಾನೂನು ಒಪ್ಪೋದಿಲ್ಲ, ಅಪಘಾತ ಆದರೆ ವಿಮೆಯೂ ಕೈ ಕೊಡಬಹುದು. ಎಷ್ಟು ನಿಮಿಷ ಕಾಯಬೇಕು, ರಜೆ ಹಾಕುವವರು ಎಷ್ಟು ಹೊತ್ತಿಗೆ ಹೇಳಬೇಕು ಅನ್ನೋದನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ಹೆಚ್ಚಿನ ಗುಂಪು ಒಡೆಯೋದು ಇದೇ ಕಾರಣಕ್ಕೆ.

ಅಡುಗೆ ಮನೆಯ ಗ್ಯಾಸು

ಸಿಲಿಂಡರ್ ತುಟ್ಟಿ ಆಯಿತು ಅಂತ ಇಂಡಕ್ಷನ್ ಒಲೆ ತರುವವರೂ ಕಡಿಮೆ ಇಲ್ಲ. 14.2 ಕೆಜಿ ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಹೆಚ್ಚು ಕಡಿಮೆ 135–140 ಯೂನಿಟ್ ಬೇಕು. ಯೂನಿಟ್‌ಗೆ 7 ರೂಪಾಯಿ ಕಟ್ಟುವ ಮನೆಗೆ ಅದು 950ರ ಮೇಲಾಯಿತು. ನಿಮ್ಮ ಸಿಲಿಂಡರ್ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಬದಲಿಸಿ ಉಳಿಯೋದು ಏನೂ ಇಲ್ಲ. ಉಜ್ವಲಾ ಸಬ್ಸಿಡಿ ಇರುವ ಮನೆಗಂತೂ ಗ್ಯಾಸೇ ಅಗ್ಗ. ಗೃಹಜ್ಯೋತಿಯ ಮಿತಿಯಲ್ಲಿ ತಿಂಗಳಿಗೆ 20–30 ಯೂನಿಟ್ ಉಳಿಯುತ್ತಿದೆ ಅನ್ನುವವರು ಮಾತ್ರ ಚಹಾ, ಹಾಲು, ಅನ್ನ, ಬಿಸಿನೀರು ಇಷ್ಟನ್ನು ಇಂಡಕ್ಷನ್‌ಗೆ ಹಾಕಿದರೆ ಸಿಲಿಂಡರ್ ಒಂದು ವಾರ ಜಾಸ್ತಿ ಬಾಳುತ್ತದೆ.

ಜೋಳದ ರೊಟ್ಟಿಯನ್ನು ಮಾತ್ರ ಗ್ಯಾಸಿನ ಮೇಲೇ ಬಿಡಿ. ಕಬ್ಬಿಣದ ಹಂಚಿನ ಅಡಿ ಚಪ್ಪಟೆ ಇದ್ದರೆ ಇಂಡಕ್ಷನ್ ಮೇಲೂ ಕಾಯುತ್ತದೆ, ಆದರೆ ನಡುವೆ ಕೆಂಪಗಾಗಿ ಅಂಚು ಹಸಿ ಉಳಿಯುತ್ತದೆ. ನೀರು ಸವರಿ ತಿರುವಿ ಹಾಕಿದ ರೊಟ್ಟಿ ಉಬ್ಬಬೇಕಾದರೆ ಉರಿ ಹಂಚಿನ ಅಂಚಿನ ತನಕ ಹರಡಬೇಕು. ತಗ್ಗಿರುವ ಹಂಚು, ಮಣ್ಣಿನ ಹಂಚು ಇದ್ದವರಿಗೆ ಇಂಡಕ್ಷನ್ ನಡೆಯೋದೇ ಇಲ್ಲ. ಎರಡು ದಿನದ ರೊಟ್ಟಿಯನ್ನು ಒಂದೇ ಸಲ ಬಡಿದಿಟ್ಟರೆ ಹಂಚು ಕಾಯಿಸುವ ಗ್ಯಾಸು ಒಂದು ಸಲದ್ದು ಉಳಿಯಿತು. ಕಟಕ (ಒಣಗಿಸಿದ ಗರಿಗರಿ) ರೊಟ್ಟಿ ತಿನ್ನುವ ಮನೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಳೆ, ಕಾಳು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿಡೋದೂ ಇಂಥದ್ದೇ ಉಳಿತಾಯ. ಹುಬ್ಬಳ್ಳಿ–ಧಾರವಾಡದಲ್ಲಿ ಪೈಪಿನ ಗ್ಯಾಸ್ ಬಂದಿರುವ ಬಡಾವಣೆಯವರು ಬಿಲ್ ನೋಡುವಾಗ 17–18 ಘನಮೀಟರ್ ಅಂದರೆ ಒಂದು ಸಿಲಿಂಡರ್ ಅಂತ ಅಂದಾಜು ಹಿಡಿದು ಹೋಲಿಸಬಹುದು. ಬಾಡಿಗೆ ಮನೆಯವರು ಠೇವಣಿ ಯಾರ ಹೆಸರಿನಲ್ಲಿ ಇರುತ್ತೆ ಅಂತ ಕೇಳಿಯೇ ಸಹಿ ಹಾಕಿ.

ಒಂದು ಮನೆಯ ಉದಾಹರಣೆ

ನವನಗರದ ಒಂದು ಕುಟುಂಬ ಅಂದುಕೊಳ್ಳಿ. ಗಂಡನಿಗೆ ಧಾರವಾಡದ ಜುಬಿಲಿ ಸರ್ಕಲ್ ಹತ್ತಿರ ಕೆಲಸ, ಹೆಂಡತಿ ಕುಂದಗೋಳ ತಾಲ್ಲೂಕಿನ ಶಾಲೆಯಲ್ಲಿ ಟೀಚರು, ಮಗಳು ವಿದ್ಯಾನಗರದಲ್ಲಿ ಕಾಲೇಜು. ಮನೆಯಲ್ಲಿ ಒಂದು ಬೈಕು, ಒಂದು ಸ್ಕೂಟರ್. ಈಗ ಗಂಡ ಬೈಕಿನಲ್ಲಿ, ಹೆಂಡತಿ ಸ್ಕೂಟರಿನಲ್ಲಿ ಹೋಗುತ್ತಾರೆ. ಈ ಮನೆಗೆ ಎಲೆಕ್ಟ್ರಿಕ್ ಗಾಡಿ ಬೇಡವೇ ಬೇಡ. ಹೆಂಡತಿ ಶಕ್ತಿಯ ಬಸ್ಸು ಹಿಡಿಯಲಿ. ಗಂಡ ಚಿಗರಿ ಪಾಸ್ ಮಾಡಿಸಲಿ, ಎರಡೂ ತುದಿಯಲ್ಲಿ ನಡೆಯುವ ದೂರವೇ ಇದೆ, ನವನಗರದಿಂದ ಹತ್ತಿದರೆ ಟಿಕೆಟ್ಟೂ ಕಡಿಮೆ. ಸ್ಕೂಟರ್ ಮಗಳ ಕಾಲೇಜಿಗೆ, ಸಂತೆಗೆ. ಬೈಕನ್ನು ಮಾರಿ ಆ ದುಡ್ಡನ್ನು ಬ್ಯಾಂಕಿನಲ್ಲಿ ಇಡಬಹುದು.

ಇದೇ ಕುಟುಂಬ ಗೋಕುಲ ರಸ್ತೆಯ ಒಳಗಿದ್ದು, ಗಂಡನ ಕೆಲಸ ಬೇಲೂರಿನಲ್ಲಿ, ಅದೂ ರಾತ್ರಿ ಪಾಳಿ ಅಂದರೆ ನನ್ನ ಸಲಹೆ ಪೂರ್ತಿ ಬೇರೆ. ದಿನಕ್ಕೆ 60–70 ಕಿಲೋಮೀಟರ್ ಓಡುವ ಅವರಿಗೆ, ಬೈಕ್ ಹಳೆಯದಾಗಿದ್ದರೆ, ಕರೆಂಟ್ ಬಳಕೆ 135ರ ಒಳಗಿದ್ದರೆ, ಎಲೆಕ್ಟ್ರಿಕ್ ಸ್ಕೂಟರೇ ಸರಿ. ಕಂಪನಿ ಹೇಳುವ ದೂರದಲ್ಲಿ ಕಾಲು ಭಾಗ ಕಳೆದು, ಒಂದೇ ಚಾರ್ಜಿನಲ್ಲಿ ಹೋಗಿ ಬರುವಂಥದ್ದನ್ನು ಆರಿಸಬೇಕು.

ಯಾವುದನ್ನೇ ಆರಿಸಿದರೂ ಇದ್ದ ಗಾಡಿ ಮಾರುವ ಮುಂಚೆ ಒಂದು ತಿಂಗಳು ಹೊಸ ದಾರಿಯಲ್ಲಿ ಓಡಾಡಿ ನೋಡಿ. ಚಿಗರಿಯಾದರೆ ಮೊದಲ ತಿಂಗಳು ಪಾಸ್ ಬೇಡ, ಬಿಡಿ ಟಿಕೆಟ್ಟೇ ತೆಗೆಯಿರಿ. ಆ ತಿಂಗಳು ಜುಲೈಯೋ ಆಗಸ್ಟೋ ಆಗಿದ್ದರೆ ಇನ್ನೂ ಒಳ್ಳೇದು, ಮಳೆಯಲ್ಲಿ ನಡೆದ ದಾರಿ ವರ್ಷಪೂರ್ತಿ ನಡೆಯುತ್ತದೆ.